ಹಲ್ಲುಮಾಮನ ಕಾಯಂ ಕಾರ್ಡು

ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಹಲ್ಲುಮಾಮ ಮಾಡುವ ಮೊದಲ ಕೆಲಸ ಹೆಂಡತಿಗೆ ಫೋನು ಮಾಡುವುದು. ಟೀ ಕೂಡ ಆಮೇಲೆಯೇ. ಫೋನನ್ನು ಸ್ಪೀಕರಿಗೆ ಹಾಕಿ, ಕೆಲಸದ ಮೇಜಿನ ಮೇಲಿರುವ ಪ್ಲಾಸ್ಟರ್ ಡಬ್ಬಕ್ಕೆ ಒರಗಿಸಿ ನಿಲ್ಲಿಸುತ್ತಾರೆ. ಇಲ್ಲಿ ಬೆಳಕು ಹರಿಯುವ ಹೊತ್ತಿಗೆ ಅಲ್ಲಿ, ಸಮುದ್ರದಾಚೆಯ ದೇಶದಲ್ಲಿ, ಅವರ ಹೆಂಡತಿ ಕೆಲಸ ಮುಗಿಸಿ ಬಂದು ಸಂಜೆಯ ಅಡುಗೆಗೆ ನಿಂತಿರುತ್ತಾರೆ. ಮಾತು ತೀರ ಕಡಿಮೆ. ಅಲ್ಲಿ ನಲ್ಲಿಯಿಂದ ನೀರು ಬೀಳುವ ಸದ್ದು, ಪಾತ್ರೆ ಇಟ್ಟ ಸದ್ದು. ಇಲ್ಲಿ ಇವರು ಮೇಣದ ಚಾಕು, ಸ್ಪಿರಿಟ್ ದೀಪ, ಅರ ಇವನ್ನೆಲ್ಲ ಒಂದೊಂದಾಗಿ ಒರೆಸಿ ಸಾಲಾಗಿ ಇಡುವ ಸದ್ದು. ನಡುವೆ ಯಾವಾಗಲೋ ಒಂದು ಮಾತು.

"ಉಪ್ಪು ಹಾಕಿದ್ಯಾ?"

"ಹಾಕಿದೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಹಾಕಿಲ್ಲ."

"ನಿಮಗ್ಯಾಕೆ? ತಿನ್ನೋಳು ನಾನು ತಾನೆ."

ಮುಖ ಕಾಣುವ ಹಾಗೆ ಫೋನು ಮಾಡಬಹುದಲ್ಲ ಅಣ್ಣ ಎಂದು ನಾನೊಮ್ಮೆ ಕೇಳಿದ್ದೆ. "ಮುಖ ಕಂಡ್ರೆ ಮಾತಾಡಬೇಕಾಗುತ್ತೆ ತಂಗಿ. ಹೀಗಾದ್ರೆ ಒಂದೇ ಮನೇಲಿದ್ದ ಹಾಗೆ. ಒಂದೇ ಮನೇಲಿರೋ ಗಂಡ ಹೆಂಡತಿ ಯಾವತ್ತಾದ್ರೂ ಮುಖ ಮುಖ ನೋಡ್ಕೊಂಡು ಕೂತಿರೋದು ನೋಡಿದ್ಯಾ?" ಅಂದರು.

ಅವರು ಕಟ್ಟುಹಲ್ಲು ಮಾಡುವವರು. ದಂತವೈದ್ಯರು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಇವರು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಪ್ರತಿ ಮಾಡಿ, ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಟ್ಟುಹಲ್ಲಿನ ಪೂರ್ತಿ ಸೆಟ್ ಮಾಡಿ ವಾಪಸು ಕೊಡುತ್ತಾರೆ. ನಾವಿರುವ ಕಟ್ಟಡದ ಕೆಳಗಿನ ಎರಡು ಕೋಣೆ ಅವರದು. ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಊರಿನವರ ದವಡೆಗಳು ಬೆಳ್ಳಗೆ ಸಾಲಾಗಿ ಕೂತಿರುತ್ತವೆ. ಹೊಸಬರು ಒಳಗೆ ಬಂದು ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರೆ, "ಬನ್ನಿ ಬನ್ನಿ, ಇವರಲ್ಲಿ ಯಾರೂ ಕಚ್ಚಲ್ಲ" ಅನ್ನುತ್ತಾರೆ. ಹಲ್ಲುಮಾಮ ಎಂಬ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಈಗ ದೊಡ್ಡವರಿಗೂ ಅದೇ ಬಾಯಿಗೆ ಬರುತ್ತದೆ. ನಾನು ಮಾತ್ರ ಅಣ್ಣ ಅನ್ನುತ್ತೇನೆ.

ನಮ್ಮ ಅತ್ತೆಯ ಸೆಟ್ಟೂ ಅವರದೇ ಕೈಯದು. ಮೊದಲ ದಿನ ಅದನ್ನು ಹಾಕಿಕೊಂಡು ಅತ್ತೆ, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಬಂದಾಗ ಹಲ್ಲು ಹೋಯ್ತು. ಈಗ ಎರಡೂ ಬಂತು" ಎಂದು ಕನ್ನಡಿ ನೋಡಿಕೊಂಡರು. "ಈಗ ಸೊಸೆ ಹುರಿದುಕೊಟ್ರೆ ಆಯ್ತು" ಎಂದು ಹಲ್ಲುಮಾಮ ನನ್ನ ಕಡೆ ನೋಡಿ ಹೇಳಿದರು. ಹಾಗೆ ಶುರುವಾದ ಬಳಕೆ.

ಅವರು ಹರೆಯದಲ್ಲಿ ಇಲ್ಲಿಯೇ ಒಬ್ಬ ಹಳೆಯ ಡಾಕ್ಟರ ಬಳಿ ಕೂತು ಈ ಕೆಲಸ ಕಲಿತವರು. ಮದುವೆಯಾದ ಸ್ವಲ್ಪ ದಿನಕ್ಕೆ ಹೊರದೇಶದ ಒಂದು ಹಲ್ಲಿನ ಕಾರ್ಖಾನೆಗೆ ಕೈಕೆಲಸ ಬಲ್ಲವರು ಬೇಕೆಂದು ಗೊತ್ತಾಗಿ ಹೋದರು. ಆಮೇಲೆ ಹೆಂಡತಿಯನ್ನೂ ಕರೆಸಿಕೊಂಡರು. ಆಕೆ ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿದರು. ದಿನವಿಡೀ ಹಾಸಿಗೆಯ ಬಟ್ಟೆಗಳನ್ನು ವಿಂಗಡಿಸಿ, ಇಸ್ತ್ರಿಯ ಯಂತ್ರಕ್ಕೆ ಕೊಟ್ಟು, ಮಡಿಸುವ ಕೆಲಸ. ದೇವರು ಮಕ್ಕಳನ್ನು ಕೊಡಲಿಲ್ಲ. "ಕೊಡದಿದ್ದಕ್ಕೆ ಅವನಿಗೊಂದು ಲೆಕ್ಕ ಇರುತ್ತೆ, ನಾವು ಕೇಳೋಕೆ ಹೋಗ್ಲಿಲ್ಲ" ಎಂದು ಆಕೆ ಒಂದು ಸಲ ರಜೆಯಲ್ಲಿ ಬಂದಿದ್ದಾಗ ನನ್ನೊಡನೆ ಹೇಳಿದ್ದರು.

ಆ ದೇಶದಲ್ಲಿ ಬಹಳ ವರ್ಷ ಅವರು ನೆಲದ ಮೇಲೆ ಕೂತೇ ಊಟ ಮಾಡಿದರಂತೆ. ಇಂದೋ ನಾಳೆಯೋ ಹೊರಡುವವರಿಗೆ ಮೇಜು ಕುರ್ಚಿ ಯಾಕೆ ಎಂದು ಕೊಂಡಿರಲಿಲ್ಲ. ಕಾಯಂ ವಾಸದ ಕಾರ್ಡು ಕೈಗೆ ಬಂದ ದಿನ ಇಬ್ಬರೂ ಹೋಗಿ ಒಂದು ಊಟದ ಮೇಜು, ಎರಡು ಕುರ್ಚಿ ತಂದರು. "ಅವತ್ತು ಕುರ್ಚಿ ಮೇಲೆ ಕೂತ್ರೆ ಅನ್ನ ಗಂಟಲಲ್ಲಿ ಇಳೀಲಿಲ್ಲ, ಅಭ್ಯಾಸ ಇಲ್ಲ ನೋಡು. ಮತ್ತೆ ಕೆಳಗೆ ಕೂತು ತಿಂದ್ವಿ" ಎಂದು ಹಲ್ಲುಮಾಮ ನಗುತ್ತಿದ್ದರು.

ಅವರು ಇಲ್ಲಿಗೆ ವಾಪಸು ಬಂದದ್ದು ಅಕ್ಕನಿಗಾಗಿ.

ತಾಯಿ ಹೋದ ಮೇಲೆ ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಗಂಡ ಬೇಗ ತೀರಿಹೋಗಿ, ಈ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದು, ಶಾಲೆಯ ಸಮವಸ್ತ್ರ ಹೊಲಿದು ಬದುಕಿದವಳು. ಒಂದು ದಿನ ಹೊಲಿಗೆಯ ಯಂತ್ರದ ಮುಂದೆಯೇ ಪಕ್ಕಕ್ಕೆ ವಾಲಿದಳು. ಎಡಗೈ, ಎಡಗಾಲು, ಮುಖದ ಎಡಭಾಗ ಎಲ್ಲ ಸೋತುಹೋಯಿತು. ಸುದ್ದಿ ತಿಳಿದ ತಕ್ಷಣ ಹಲ್ಲುಮಾಮ ಒಂದು ಸಣ್ಣ ಚೀಲ ಹಿಡಿದು ಬಂದರು. ಚಳಿಗಾಲದ ದಪ್ಪ ಕೋಟನ್ನು ಅಲ್ಲಿಯ ಮನೆಯ ಗೂಟಕ್ಕೇ ನೇತುಹಾಕಿ ಬಂದಿದ್ದರು. ಅಕ್ಕ ಎದ್ದು ಕೂತರೆ ಹೊರಟೇಬಿಡುತ್ತೇನೆ ಎಂದು ಕಾರ್ಖಾನೆಯ ಯಜಮಾನನಿಗೂ ಹೇಳಿದ್ದರು.

ಅಕ್ಕ ಎದ್ದು ಕೂತಳು. ಆದರೆ ನುಂಗಲು ಆಗುತ್ತಿರಲಿಲ್ಲ. ತುತ್ತು ಬಾಯೊಳಗೆ ಹೋದರೆ ಸೋತ ಕೆನ್ನೆಯ ಕಡೆಗೆ ಸರಿದು ನಿಂತುಬಿಡುತ್ತಿತ್ತು. ಇಲ್ಲವೆಂದರೆ ಗಂಟಲಿಗೆ ತಪ್ಪಾಗಿ ಇಳಿದು ಕೆಮ್ಮು ಹತ್ತಿ ಮುಖ ನೀಲಿಯಾಗುತ್ತಿತ್ತು. ಹಲ್ಲುಮಾಮ ಅವಳ ಬಾಯನ್ನು ತನ್ನ ಕಸುಬಿನ ಕಣ್ಣಿನಿಂದ ನೋಡಿದರು. ಅವಳ ಹಳೆಯ ಸೆಟ್ ತೆಗೆದಿಟ್ಟು ಹೊಸದು ಮಾಡಿದರು. ಸೋತ ಕೆನ್ನೆಯ ಕಡೆ ಅಂಚನ್ನು ದಪ್ಪ ಮಾಡಿ, ಆ ಕೆನ್ನೆ ಒಳಗೆ ಕುಸಿಯದ ಹಾಗೆ ಒತ್ತು ಕೊಟ್ಟರು. ಊಟ ಮಾಡಿಸುವಾಗ ಬಲಗಡೆಗೆ ಸಣ್ಣ ತುತ್ತಿಟ್ಟು, ಗಲ್ಲದ ಕೆಳಗೆ ಎರಡು ಬೆರಳು ಆನಿಸಿ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಗಂಟಲು ಮೇಲೆ ಹೋಗಿ ಕೆಳಗೆ ಬರುವವರೆಗೆ ಕಾಯುತ್ತಿದ್ದರು. ಆಮೇಲೆ ಮುಂದಿನ ತುತ್ತು. ಒಂದು ಬಟ್ಟಲು ಗಂಜಿ ಮುಗಿಯುವಷ್ಟರಲ್ಲಿ ನಾನು ಮೇಲೆ ಅಡುಗೆ ಮುಗಿಸಿ ಒಲೆ ಒರೆಸಿರುತ್ತಿದ್ದೆ.

ಅಕ್ಕನ ಮಾತು ತೊದಲುತ್ತಿತ್ತು, ನಾಲಿಗೆಯ ಖಾರ ಮಾತ್ರ ಕಡಿಮೆಯಾಗಿರಲಿಲ್ಲ.

"ಏ ಪುಟ್ಟ, ನನ್ನ ಹಲ್ಲೆಲ್ಲಿ?"

"ಬಾಯಲ್ಲೇ ಇದೆಯಲ್ಲೇ ಅಕ್ಕ."

"ಇದು ನಿನ್ನ ಹಲ್ಲು. ನನ್ನದು ಎಲ್ಲಿ ಅಂದೆ. ನೀನು ಮಾಡಿದ್ದು ಹಾಕ್ಕೊಂಡ್ರೆ ನಿನ್ನ ಹಾಗೇ ಬೆಪ್ಪಾಗಿ ಕಾಣ್ತೀನಿ."

ತಲೆ ನರೆತ ಗಂಡಸನ್ನು ಅವಳು ಕೊನೆಯವರೆಗೂ ಪುಟ್ಟ ಎಂದೇ ಕರೆದಳು. ದಿನಕ್ಕೊಂದು ಸಲವಾದರೂ, "ಹೋಗೋ, ನಿನ್ನ ಹೆಂಡತಿ ಹತ್ರ ಹೋಗೋ. ಕಟ್ಕೊಂಡೋಳನ್ನ ಅಲ್ಲಿ ಬಿಟ್ಟು ಇಲ್ಲಿ ನನ್ನ ಜೊಲ್ಲು ಒರೆಸ್ತಾ ಕೂತಿದ್ದಾನೆ, ನಾಚಿಕೆ ಇಲ್ಲದೋನು" ಎಂದು ಬೈಯುತ್ತಿದ್ದಳು. "ನೀನು ನೆಟ್ಟಗೆ ನುಂಗಿದ ದಿನ ಹೋಗ್ತೀನಿ" ಎಂದು ಇವರು ಅನ್ನುತ್ತಿದ್ದರು. ಅವಳು ಸೊರಗುತ್ತಾ ಬಂದ ಹಾಗೆ ವಸಡೂ ಸವೆಯುತ್ತಾ ಬಂತು, ಸೆಟ್ ಸಡಿಲವಾಗುತ್ತಾ ಬಂತು. ಇವರು ಮತ್ತೆ ಅಚ್ಚು ತೆಗೆಯುವರು, ಮತ್ತೆ ಹೊಸದು ಮಾಡುವರು. ಅಷ್ಟರಲ್ಲಿ ಇಲ್ಲಿಯ ಡಾಕ್ಟರೊಬ್ಬರು ಇವರ ಕೈಚಳಕ ನೋಡಿ ತಮ್ಮ ರೋಗಿಗಳ ಕೆಲಸವನ್ನೂ ಕಳಿಸತೊಡಗಿದರು. ಹಾಗೆ ಮುಂದಿನ ಕೋಣೆ ಕಾರ್ಖಾನೆಯಾಯಿತು.

ಕಾಯಂ ಕಾರ್ಡಿನ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಅದನ್ನು ಕಟ್ಟುಹಲ್ಲು ಇಡುವ ಮುಚ್ಚಳದ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟಿದ್ದರು. ಬಾಗಬಾರದು, ಗೀರು ಬೀಳಬಾರದು, ತೇವ ತಾಗಬಾರದು ಎಂದು. ಕಾರ್ಡಿನ ಮೇಲೆ ಮುದ್ರಿಸಿದ್ದ ಕೊನೆಯ ತಾರೀಕು ಇನ್ನೂ ಬಹಳ ದೂರವಿತ್ತು. ಒಮ್ಮೆ ನನಗೂ ತೆರೆದು ತೋರಿಸಿ, "ಹೆಸರಲ್ಲೇ ಕಾಯಂ ಅಂತಿದೆ ನೋಡು ತಂಗಿ. ಎಷ್ಟು ಸರ್ಕಾರ ಬಂದ್ರೂ ಹೋದ್ರೂ ಇದನ್ನ ಅಲ್ಲಾಡಿಸೋಕಾಗಲ್ಲ" ಅಂದಿದ್ದರು.

ಅಕ್ಕ ಹಾಸಿಗೆ ಹಿಡಿದ ಮುಂದಿನ ವರ್ಷ ಇರಬೇಕು, ಹೆಂಡತಿ ಅಲ್ಲಿಂದ ಇದ್ದಕ್ಕಿದ್ದ ಹಾಗೆ ವಿಮಾನದ ಟಿಕೆಟ್ ಕಳಿಸಿದರು. "ಒಂದು ವಾರ ಬಂದು ಹೋಗಿ ಸಾಕು" ಎಂದಷ್ಟೇ ಹೇಳಿದರು. ಯಾಕೆ ಎಂದು ಇವರು ಕೇಳಿದ್ದಕ್ಕೆ "ನೋಡಬೇಕು ಅನ್ನಿಸ್ತು" ಅಂದರಂತೆ. ಎಂದೂ ಹಾಗೆ ಕೇಳದವಳು ಕೇಳಿದ್ದಾಳೆ ಎಂದು ಇವರು ಹೊರಡಲು ಸಿದ್ಧರಾದರು. ಆ ಒಂದು ವಾರ ಅಕ್ಕನಿಗೆ ಊಟ ಮಾಡಿಸುವ ಕೆಲಸ ನಾನು ಒಪ್ಪಿಕೊಂಡೆ. ಹೊರಡುವ ಹಿಂದಿನ ದಿನ ಪರೀಕ್ಷೆಗೆಂದು ನನ್ನ ಕೈಯಲ್ಲಿ ಬಟ್ಟಲು ಕೊಟ್ಟು ಅವರು ಬಾಗಿಲ ಹಿಂದೆ ನಿಂತರು. ಅವರು ತೋರಿಸಿಕೊಟ್ಟ ಹಾಗೆಯೇ ಬಲಗಡೆಗೆ ತುತ್ತಿಟ್ಟೆ, ಗಲ್ಲಕ್ಕೆ ಬೆರಳು ಆನಿಸಿದೆ. ಅಕ್ಕನೂ ಪಾಪ, ಆದಷ್ಟು ಸಹಕರಿಸಿದಳು. ತಮ್ಮ ಹೋಗಲಿ ಎಂದು ಅವಳಿಗೂ ಆಸೆಯಿತ್ತು. ಮೂರನೆಯ ತುತ್ತಿಗೆ ಕೆಮ್ಮು ಹತ್ತಿತು. ನಿಲ್ಲಲೇ ಇಲ್ಲ. ಹಲ್ಲುಮಾಮ ಓಡಿ ಬಂದು ಅವಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿ, ಬಾಯಿಗೆ ಬೆರಳು ಹಾಕಿ ತೆಗೆದರು. ಉಸಿರು ಹಿಂದಿರುಗಿದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡು, "ನಿನ್ನ ತಪ್ಪಲ್ಲಮ್ಮ" ಅಂದಳು. ಆ ಸಂಜೆಯೇ ಟಿಕೆಟ್ ರದ್ದಾಯಿತು. ಹೆಂಡತಿ ಫೋನಿನಲ್ಲಿ "ಆಯ್ತು ಬಿಡಿ" ಅಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೆಯೂ ಅಕ್ಕ ಕೆಲವು ವರ್ಷ ಬದುಕಿದಳು. ಒಂದು ಮಧ್ಯಾಹ್ನ ಊಟವಾಗಿ, ಬಾಯಿ ಒರೆಸಿಸಿಕೊಂಡು, "ಇವತ್ತು ಚೆನ್ನಾಗಿ ಇಳೀತು ಕಣೋ" ಎಂದು ಹೇಳಿ ಮಲಗಿದವಳು ಏಳಲಿಲ್ಲ. ಅಂಥ ಸಾವು ಪುಣ್ಯ ಮಾಡಿದವರಿಗೆ ಬರುತ್ತದೆ ಎಂದು ನಮ್ಮ ಅತ್ತೆ ಅಂದರು. ನನಗೂ ಹಾಗೇ ಅನ್ನಿಸಿತು.

ಎಲ್ಲ ಮುಗಿದ ಮೇಲೆ ಹಲ್ಲುಮಾಮ ಹೊರಡುವ ತಯಾರಿ ಶುರುಮಾಡಿದರು. ಹೆಂಡತಿಗೆ ಪಿಂಚಣಿ ಬರಲು ಇನ್ನೂ ಕೆಲವು ವರ್ಷ ಕೆಲಸ ಮಾಡಬೇಕಿತ್ತು. ಮೊಣಕಾಲು ನೋವು ಬೇರೆ. ಅಲ್ಲಿಯ ಮನೆ ಮೂರನೆಯ ಮಹಡಿ. "ಇನ್ಮೇಲೆ ತರಕಾರಿ ಚೀಲ ನಾನು ಹೊರ್ತೀನಿ. ಅಡುಗೆಗೆ ಉಪ್ಪೂ ನಾನೇ ಹಾಕ್ತೀನಿ" ಎಂದು ಫೋನಿನಲ್ಲಿ ಹೇಳುವುದನ್ನು ನಾನು ಮೆಟ್ಟಿಲಿಳಿಯುವಾಗ ಕೇಳಿಸಿಕೊಂಡೆ. ಅಲ್ಲಿಂದ ಆಕೆ ಏನೂ ಹೇಳಲಿಲ್ಲ. ಸಂತೋಷಕ್ಕೆ ಮಾತು ಬರಲಿಲ್ಲ ಎಂದು ನಾನು ತಿಳಿದುಕೊಂಡೆ.

ಟಿಕೆಟ್ ಮಾಡಿಸಲು ಹೋದ ಕಡೆ ಏಜೆಂಟ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಕೊನೇ ಸಲ ಅಲ್ಲಿಂದ ಯಾವಾಗ ಹೊರಟಿದ್ರಿ ಮಾಮ?"

ಇವರು ಹೇಳಿದರು.

"ನಡುವೆ ಒಂದು ಸಲವೂ ಹೋಗಿಲ್ವಾ?"

"ಇಲ್ಲಪ್ಪ. ತಾರೀಕು ಇನ್ನೂ ಇದೆಯಲ್ಲ, ನೋಡು."

"ತಾರೀಕು ಕಾರ್ಡಿಂದು ಮಾಮ. ನಿಮ್ಮದು ಬೇರೆ ಲೆಕ್ಕ ಇರುತ್ತೆ. ಟಿಕೆಟ್ ಕೊಡೋದು ನನಗೇನು, ಕೊಟ್ಟುಬಿಡ್ತೀನಿ. ಅಲ್ಲಿ ಇಳಿದ ಮೇಲೆ ವಾಪಸು ಕಳಿಸಿದ್ರೆ ನೀವು ನನ್ನ ಶಪಿಸ್ತೀರಿ. ಮೊದಲು ಆ ದೇಶದ ರಾಯಭಾರ ಕಚೇರೀಲಿ ಕೇಳಿ ಬನ್ನಿ."

ಕಚೇರಿ ಇದ್ದದ್ದು ದೊಡ್ಡ ನಗರದಲ್ಲಿ. ಜೊತೆಗೆ ಬರುತ್ತೀಯಾ ತಂಗಿ ಎಂದು ನನ್ನನ್ನು ಕೇಳಿದರು. "ಗಾಬರಿಯಾದ್ರೆ ನನಗೆ ಕಿವಿ ಕೇಳಿಸಲ್ಲ. ಅವರು ಹೇಳಿದ್ದು ಕೇಳಿಸ್ಕೊಳ್ಳೋಕೆ ಒಬ್ಬರು ಬೇಕು" ಅಂದರು. ನಮ್ಮ ಮನೆಯವರೂ ಹೋಗಿ ಬಾ ಅಂದರು. ಬೆಳಗಿನ ರೈಲಿಗೆ ಹೋದೆವು.

ಕಚೇರಿಯ ಒಳಗೆ ತುಂಬಾ ತಣ್ಣಗಿತ್ತು. ಜನ ಆಸ್ಪತ್ರೆಯಲ್ಲಿ ಕೂತ ಹಾಗೆ, ಮಡಿಲಲ್ಲಿ ಕಾಗದ ಇಟ್ಟುಕೊಂಡು ಪಿಸುಮಾತಿನಲ್ಲಿ ಕೂತಿದ್ದರು. ನಮ್ಮ ಸರದಿ ಬಂದಾಗ ಗಾಜಿನಾಚೆ ಒಬ್ಬ ಹೆಣ್ಣುಮಗಳು ಇದ್ದಳು. ನಮ್ಮ ಭಾಷೆಯಲ್ಲೇ ಮಾತಾಡಿದಳು, ಮರ್ಯಾದೆಯಿಂದಲೇ ಮಾತಾಡಿದಳು. ಕಾರ್ಡನ್ನೂ ಪಾಸ್‌ಪೋರ್ಟಿನ ಮುದ್ರೆಗಳನ್ನೂ ನೋಡಿ ಹೇಳಿದಳು: ಕಾರ್ಡಿನ ತಾರೀಕು ಕಾರ್ಡು ಬದಲಾಯಿಸಬೇಕಾದ ದಿನ ಅಷ್ಟೇ. ವಾಸದ ಹಕ್ಕು ಉಳಿಯಬೇಕಾದರೆ ಅಲ್ಲಿ ವಾಸ ಇರಬೇಕು. ಮೊದಲೇ ಅನುಮತಿ ಪಡೆಯದೆ ಇಷ್ಟು ದೀರ್ಘಕಾಲ ಹೊರಗಿದ್ದವರ ಹಕ್ಕು ತಾನಾಗಿಯೇ ಬಿದ್ದುಹೋಗುತ್ತದೆ. ಬರಲಾಗದ ಕಾರಣ ಅವರ ಕೈಮೀರಿದ್ದು ಎಂದು ತೋರಿಸಿದರೆ ಮಾತ್ರ ಅರ್ಜಿಯನ್ನು ಪರಿಶೀಲಿಸಬಹುದು.

"ಈ ವರ್ಷಗಳಲ್ಲಿ ನಿಮಗೇನಾದ್ರೂ ಆರೋಗ್ಯ ಕೆಟ್ಟಿತ್ತಾ?" ಎಂದು ಕೇಳಿದಳು.

"ಇಲ್ಲಮ್ಮ. ಗುಂಡುಕಲ್ಲಿನ ಹಾಗಿದ್ದೆ."

"ಪ್ರಯಾಣ ಮಾಡದ ಹಾಗೆ ಯಾರಾದ್ರೂ ತಡೆದ್ರಾ?"

"ಇಲ್ಲ. ಅಕ್ಕ ದಿನಾ ಹೋಗು ಹೋಗು ಅಂತ ಬೈತಿದ್ಲು."

"ಅವರನ್ನ ನೋಡ್ಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ, ಅಲ್ವಾ?"

ಅವಳು ಆ ಪ್ರಶ್ನೆಯನ್ನು ಉತ್ತರ ಸೇರಿಸಿಯೇ ಕೇಳಿದ್ದಳು. ಹೌದು ಅನ್ನಬೇಕಾಗಿತ್ತು ಅಷ್ಟೇ. ನಾನು ಮನಸ್ಸಿನಲ್ಲೇ ಪ್ರಾರ್ಥನೆ ಮಾಡಿಕೊಳ್ಳಲು ಹೋದೆ. ಏನು ಬೇಡಬೇಕೋ ತಿಳಿಯದೆ, ನಿನಗೆ ಗೊತ್ತು ಎಂದಷ್ಟೇ ಹೇಳಿಕೊಂಡೆ.

ಹಲ್ಲುಮಾಮ ನನ್ನ ಕಡೆ ಕೈ ತೋರಿಸಿದರು. "ಇದ್ರು ಅಮ್ಮ. ಇವರೇ ಇದ್ರು. ಒಳ್ಳೆಯವರು, ಮನೆ ಮಗಳ ಹಾಗೆ. ಆದ್ರೆ ಅಕ್ಕನಿಗೆ ಇವರ ಕೈಲಿ ನುಂಗೋಕಾಗ್ತಿರಲಿಲ್ಲ."

"ನರ್ಸುಗಳಿರೋ ಮನೆಗಳಿರುತ್ತವಲ್ಲ?"

"ಇವೆ. ನಾನೇ ಸೇರಿಸ್ಲಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ನೋಡಿ ಸರ್, ನೀವು ಹೇಳಿದ್ದನ್ನ ಹಾಗೇ ಬರ್ಕೊಂಡ್ರೆ, ನೀವು ನಿಮ್ಮ ಇಷ್ಟದಿಂದ ಇಲ್ಲಿ ಉಳಿದುಕೊಂಡ್ರಿ ಅಂತಾಗುತ್ತೆ. ಸ್ವಲ್ಪ ಯೋಚನೆ ಮಾಡಿ ಹೇಳಿ."

"ಯೋಚನೆ ಏನಮ್ಮ. ಇಷ್ಟದಿಂದಲೇ ಉಳಿದೆ."

ಅವಳು ಬರೆದುಕೊಂಡಳು. ಸ್ವಲ್ಪ ಹೊತ್ತು ಕೂರಿಸಿ, ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದು, ಹಕ್ಕು ಉಳಿದಿಲ್ಲ ಎಂದು ತಿಳಿಸಿದಳು. ಮುಂದೆ ಎರಡು ದಾರಿಗಳಿವೆ ಎಂದೂ ನಿಧಾನವಾಗಿ ಬಿಡಿಸಿ ಹೇಳಿದಳು. ಅವರಿಗೇ ಪ್ರಯಾಣ ಮಾಡಲಾಗದಂಥ ಕಾಯಿಲೆ ಇತ್ತು ಎಂದು ವೈದ್ಯರ ದಾಖಲೆ ಸಿಕ್ಕರೆ ಮರುಪರಿಶೀಲನೆಗೆ ಹಾಕಬಹುದು. ಇಲ್ಲವಾದರೆ ಅಲ್ಲಿರುವ ಹೆಂಡತಿ ಗಂಡನನ್ನು ಕರೆಸಿಕೊಳ್ಳಲು ಹೊಸದಾಗಿ, ಮೊದಲಿನಿಂದ ಅರ್ಜಿ ಹಾಕಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ, ಆಗುತ್ತದೆ ಎಂಬ ಭರವಸೆಯೂ ಇಲ್ಲ. ಗಾಬರಿಯಾದರೆ ಕಿವಿ ಕೇಳಿಸದು ಅಂದಿದ್ದರಲ್ಲ, ಹೊರಗೆ ಬಂದ ಮೇಲೆ ಅದನ್ನೆಲ್ಲ ನಾನು ಮತ್ತೊಮ್ಮೆ ಹೇಳಬೇಕಾಯಿತು.

ರೈಲಿನಲ್ಲಿ ಬಹಳ ಹೊತ್ತು ಅವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಆಮೇಲೆ ತಾವಾಗಿಯೇ ಶುರುಮಾಡಿದರು.

"ಒಬ್ಬ ಅಜ್ಜ ಬಂದಿದ್ದ ತಂಗಿ, ಹಳೇ ಗಿರಾಕಿ. ಸೆಟ್ ಮಾಡಿಸ್ಕೊಂಡು ಹೋಗಿ, ಸವೆದುಹೋಗುತ್ತೆ ಅಂತ ಹಾಕ್ಕೊಳ್ಳದೆ ಪೆಟ್ಟಿಗೇಲಿ ಇಟ್ಟಿದ್ದ. ವರ್ಷಗಟ್ಟಲೆ. ಆಮೇಲೆ ಮೊಮ್ಮಗಳ ಮದುವೇಗೆ ಅಂತ ಹಾಕ್ಕೊಂಡ್ರೆ ನಿಲ್ತಾ ಇಲ್ಲ, ಬಾಯಿ ತೆಗೆದ್ರೆ ಬೀಳುತ್ತೆ. ನನ್ನ ಹತ್ರ ಬಂದು ಜಗಳ. ಒಂದು ಗೀರಿಲ್ಲ, ಒಂದು ಬಿರುಕಿಲ್ಲ, ಹೊಸದರ ಹಾಗಿದೆ, ನೀನೇ ಮೋಸ ಮಾಡಿದ್ಯಾ ಅಂತ. ನಾನು ಹೇಳಿದೆ, ಅಜ್ಜ, ಸೆಟ್ ಹಾಗೇ ಇದೆ, ಬಾಯಿ ಬದಲಾಗಿದೆ, ಹಾಕ್ಕೊಂಡಿದ್ರೆ ಎರಡೂ ಜೊತೆಗೆ ಇರ್ತಿದ್ವು ಅಂತ." ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಎಷ್ಟು ಜನಕ್ಕೆ ಹೇಳಿದೀನಿ ಈ ಮಾತನ್ನ. ಆ ಕಾರ್ಡನ್ನ ಹತ್ತೀಲಿ ಸುತ್ತಿ ಇಡುವಾಗ ನನ್ನ ಕೈಗೆ ನೆನಪಾಗ್ಲಿಲ್ಲ ನೋಡು."

ಮರುದಿನ ಬೆಳಿಗ್ಗೆ ಅತ್ತೆಯ ಸೆಟ್ ವಸಡಿಗೆ ಒತ್ತುತ್ತದೆ ಎಂದು ಅದನ್ನು ಕೊಡಲು ಕೆಳಗೆ ಹೋದೆ. ಫೋನು ಪ್ಲಾಸ್ಟರ್ ಡಬ್ಬಕ್ಕೆ ಒರಗಿತ್ತು. ನಾನು ಹಿಂದೆ ಸರಿಯಲು ಹೋದರೆ ಅವರು ಕೂತುಕೋ ಎಂದು ಸನ್ನೆ ಮಾಡಿದರು. ಆಗಲೇ ಎಲ್ಲ ಹೇಳಿ ಮುಗಿಸಿದ್ದರು ಅಂತ ಕಾಣುತ್ತದೆ. ಅಲ್ಲಿ ನಲ್ಲಿಯ ಸದ್ದೂ ಇರಲಿಲ್ಲ.

"ನನಗೆ ಗೊತ್ತಿತ್ತು ರೀ" ಎಂದು ಅವರ ಹೆಂಡತಿ ಹೇಳಿದರು.

"ಏನು ಗೊತ್ತಿತ್ತು?"

"ಹೀಗಾಗುತ್ತೆ ಅಂತ. ನಮ್ಮ ಕೆಲಸದ ಕಡೆ ಒಬ್ಬಳ ತಮ್ಮನಿಗೆ ಹೀಗೇ ಆಗಿತ್ತು. ಅದಕ್ಕೇ ಅವತ್ತು ಟಿಕೆಟ್ ಕಳಿಸಿದ್ದು. ಒಂದು ಸಲ ಬಂದು ಕಾಲಿಟ್ಟು, ಅನುಮತಿ ಬರೆಸ್ಕೊಂಡು ಹೋಗ್ಲಿ ಅಂತ."

ಹಲ್ಲುಮಾಮನ ಕೈಯಲ್ಲಿದ್ದ ಒರೆಸುವ ಬಟ್ಟೆ ನಿಂತಿತು. "ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬಂದ್ಬಿಡ್ತಿದ್ರಿ."

"ಬರ್ತಿದ್ದೆ."

"ಆ ವಾರದಲ್ಲಿ ಅಕ್ಕನಿಗೆ ಏನಾದ್ರೂ ಆಗಿದ್ರೆ? ಆಮೇಲೆ ನನ್ನ ಮುಖ ನೋಡಿದಾಗೆಲ್ಲ ನಿಮಗೆ ಅದೇ ಕಾಣ್ತಿತ್ತು. ನೋಡಬೇಕು ಅಂತ ಕರೀಬಹುದು, ಬಂದ್ರೆ ಬರ್ಲಿ. ಕಾರ್ಡು ಹೋಗುತ್ತೆ ಅಂತ ಹೆದರಿಸಿ ಕರೆದ್ರೆ, ಅಕ್ಕ ಬೇಕಾ ನಾನು ಬೇಕಾ ಅಂತ ಕೇಳಿದ ಹಾಗಾಗಲ್ವಾ?"

ಇವರು ಒರೆಸಿಟ್ಟಿದ್ದ ಚಾಕುವನ್ನೇ ಮತ್ತೆ ತೆಗೆದು ಒರೆಸತೊಡಗಿದರು. ಅಲ್ಲಿಂದಲೇ ಮತ್ತೆ ದನಿ ಬಂತು. "ಟೀ ಕುಡೀರಿ ಹೋಗಿ. ನಂಗೂ ಒಲೆ ಮೇಲೆ ತಳ ಹಿಡೀತಿದೆ."

ನಾನು ಸೆಟ್ಟನ್ನು ಮೇಜಿನ ಮೇಲಿಟ್ಟು ಸದ್ದಿಲ್ಲದೆ ಮೇಲೆ ಬಂದೆ. ಆ ದಿನ ನನ್ನ ಪ್ರಾರ್ಥನೆಯಲ್ಲಿ ಆಕೆಯ ಹೆಸರೇ ಮುಂದೆ ಬಂತು.

ಸುದ್ದಿ ಡಾಕ್ಟರಿಗೆ ತಲುಪಲು ತಡವಾಗಲಿಲ್ಲ. ಹಲ್ಲುಮಾಮನಿಗೆ ಕೆಲಸ ಕೊಡುವ ದಂತವೈದ್ಯರು ವಯಸ್ಸಿನಲ್ಲಿ ಇವರಿಗಿಂತ ಬಹಳ ಚಿಕ್ಕವರು, ಇವರನ್ನು ಕಂಡರೆ ಪ್ರೀತಿ. ಅವತ್ತೇ ಸಂಜೆ, ನಾನೂ ಕೆಳಗಿದ್ದಾಗ, ಹಲ್ಲುಮಾಮನ ಮನೆಗೆ ಬಂದರು. ಇಲ್ಲಿ ಕೂರುವಂಥ ಕುರ್ಚಿ ಒಂದೇ, ಅದರ ಮೇಲೂ ಒಂದು ಕೆಳದವಡೆ ಒಣಗುತ್ತಿತ್ತು. ನಿಂತುಕೊಂಡೇ ಮಾತಾಡಿದರು.

"ಮಾಮ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ನಮ್ಮಣ್ಣ ಮೂಳೆ ಡಾಕ್ಟ್ರು ಇದ್ದಾನಲ್ಲ. ನೀವು ಬಂದ ವರ್ಷವೇ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯ್ತು, ಇಷ್ಟು ವರ್ಷ ಹಾಸಿಗೆ ಹಿಡಿದಿದ್ರಿ, ದೂರ ಪ್ರಯಾಣ ಮಾಡೋ ಹಾಗಿರಲಿಲ್ಲ ಅಂತ ಬರೆದುಕೊಡ್ತಾನೆ. ಎಕ್ಸ್‌ರೇ ಫಿಲ್ಮಿಗೇನು ಬರ? ಯಾರದೋ ಒಂದು ಸೊಂಟ ಸಿಗುತ್ತೆ."

"ಅವರ ಸೊಂಟ ಅವರಿಗೆ ಬೇಡ್ವಾ?" ಎಂದು ಹಲ್ಲುಮಾಮ ಕೇಳಿದರು. ಡಾಕ್ಟರು ನಕ್ಕರು. ಇವರೂ ನಕ್ಕರು. ಆಮೇಲೆ, "ನಾಳೆ ಹೇಳ್ತೀನಿ ಡಾಕ್ಟ್ರೇ" ಅಂದರು.

ಆ ಸಂಜೆಯೆಲ್ಲ ಅವರ ಉಜ್ಜುವ ಯಂತ್ರದ ಸದ್ದು ಕೇಳಿಸಲಿಲ್ಲ. ನಾನೂ ಮೇಲೆ ಕೂತು ಅದನ್ನೇ ಯೋಚಿಸುತ್ತಿದ್ದೆ. ಸುಳ್ಳು ತಪ್ಪು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಮೂರು ಮಹಡಿ ಹತ್ತಿ ಇಳಿಯುವ ಆ ಮೊಣಕಾಲುಗಳನ್ನು ನೆನೆದಾಗ, ದೇವರೇ, ಇವರು ಆ ಕಾಗದ ತೆಗೆದುಕೊಂಡರೆ ನೀನು ಬೇರೆ ಕಡೆ ನೋಡು ಅಂತಲೂ ಕೇಳಿಕೊಂಡೆ.

ಮರುದಿನ ಮಧ್ಯಾಹ್ನ ಅತ್ತೆಯ ಸೆಟ್ಟನ್ನು ಬಾಯಲ್ಲಿಟ್ಟು ನೋಡಲು ಡಾಕ್ಟರ ಬಳಿ ಹೋಗಬೇಕಿತ್ತು. ಹಲ್ಲುಮಾಮನೂ ಜೊತೆಗೆ ಹೊರಟರು. ಅತ್ತೆ ಮುಂದೆ ಹೋಗುತ್ತಿದ್ದರು. ಹಿಂದೆ ಬರುತ್ತಾ ಅವರು ನನಗೆ ಬೆಳಗಿನ ಫೋನಿನ ವಿಷಯ ಹೇಳಿದರು.

"ಅವಳನ್ನೇ ಕೇಳಿದೆ ತಂಗಿ. ಕಾಯಬೇಕಾದೋಳು ಅವಳೂ ಅಲ್ವಾ, ನಾನೊಬ್ಬನೇ ಹೇಗೆ ತೀರ್ಮಾನ ಮಾಡ್ಲಿ. ಡಾಕ್ಟ್ರು ಹೀಗೆ ಬರೆದುಕೊಡ್ತಾರಂತೆ ಅಂದೆ. ಅವಳು ಪಾತ್ರೆ ಇಟ್ಟು, ಆ ಕಾಗದದಲ್ಲಿ ಅಕ್ಕನ ವಿಷಯ ಏನಿರುತ್ತೆ ಅಂದ್ಲು. ಏನೂ ಇರಲ್ಲ, ಅಕ್ಕನೇ ಇರಲ್ಲ, ಹಾಸಿಗೇಲಿ ಮಲಗಿದ್ದೋನು ನಾನು ಅಂತಿರುತ್ತೆ ಅಂದೆ."

"ಅದಕ್ಕೆ ಏನಂದ್ರು ಅಣ್ಣ?"

"ನಲ್ಲಿ ನಿಲ್ಲಿಸಿದ್ಲು. ಆಮೇಲೆ, ಅರ್ಜಿ ನಾನು ಹಾಕ್ತೀನಿ, ಮೊದಲಿಂದ ಹಾಕ್ತೀನಿ ಅಂದ್ಲು. ಇಷ್ಟು ವರ್ಷ ಕಾದೋಳಿಗೆ ಕಾಯೋದು ಹೊಸ ಕೆಲಸ ಅಲ್ಲ ಅಂದ್ಲು." ಅವರು ಹೆಗಲ ಮೇಲಿನ ಟವೆಲಿನ ತುದಿಯಿಂದ ಮೂಗು ಒರೆಸಿಕೊಂಡರು. "ನಡುವೆ ರಜೆ ಸಿಕ್ಕಾಗ ಬರ್ತಾಳಂತೆ. ಇಲ್ಲಿ ಕುರ್ಚಿ ಒಂದೇ ಇದೆ, ಇನ್ನೊಂದು ತರಬೇಕು."

ಡಾಕ್ಟರು ಅತ್ತೆಯ ಬಾಯಿ ನೋಡಿ, ಸೆಟ್ ಕೂರಿಸಿ, "ಕಚ್ಚಿ ನೋಡಿ ಅಜ್ಜಿ" ಎಂದು ಹೇಳಿ ಕೈ ತೊಳೆಯಲು ಎದ್ದರು. ಅತ್ತೆ ಕನ್ನಡಿಯ ಮುಂದೆ ಹಲ್ಲು ಕಚ್ಚಿ ಕಚ್ಚಿ ನೋಡುತ್ತಾ ಕೂತರು. ಸಿಂಕಿನ ಬಳಿ ನಿಂತಿದ್ದ ಹಲ್ಲುಮಾಮನಿಗೆ ಡಾಕ್ಟರು ತಗ್ಗಿದ ದನಿಯಲ್ಲಿ, "ಅಣ್ಣನಿಗೆ ಹೇಳಿದೀನಿ ಮಾಮ. ನಾಳೆ ಕೈಗೆ ಕೊಡ್ತಾನೆ. ಕಾಸು ಗೀಸು ಏನೂ ಬೇಡ, ನನ್ನ ಕಡೆಯಿಂದ ಅಂತ ಇಟ್ಕೊಳ್ಳಿ" ಅಂದರು.

"ಬೇಡ ಡಾಕ್ಟ್ರೇ."

"ಯಾಕೆ? ಹೆದರ್ಕೋಬೇಡಿ, ಯಾರೂ ಪತ್ತೆ ಹಚ್ಚಲ್ಲ."

"ಹೆದರಿಕೆ ಅಲ್ಲ. ನೀವು ಕೇಳಿದ್ದೇ ದೊಡ್ಡದು, ಅಣ್ಣನಿಗೂ ನಮಸ್ಕಾರ ಹೇಳಿ." ಅವರು ಒರೆಸುವ ಬಟ್ಟೆಯನ್ನು ಡಾಕ್ಟರ ಕೈಗೆ ಕೊಟ್ಟರು. "ಆ ವರ್ಷಗಳಲ್ಲಿ ಕಾಯಿಲೆ ಇದ್ದದ್ದು ಅಕ್ಕನಿಗೆ. ನಾನು ಚೆನ್ನಾಗಿದ್ದೆ. ಅವಳಿಗೆ ದಿನಾ ಮೂರು ಹೊತ್ತು ಉಣ್ಣಿಸೋವಷ್ಟು ಚೆನ್ನಾಗಿದ್ದೆ. ಹಾಸಿಗೆ ಹಿಡಿದಿದ್ದೆ ಅಂತ ನೀವು ಬರೆಸಿಕೊಡೋದು ಬೇಡ."